ಅಡುಗೆಮನೆಯ ಪಂಜರ

ಮಗಳು ಮೊಬೈಲಿನಲ್ಲಿ ಕ್ರೆಸ್ಟೆಡ್ ಗೆಕ್ಕೊ ಎಂಬ ವಿದೇಶಿ ಹಲ್ಲಿಯನ್ನು ನೋಡಿ, ಅದನ್ನೇ ಸಾಕೋಣವೆಂದು ಹಟ ಹಿಡಿದಳು. ನ್ಯೂ ಕ್ಯಾಲಿಡೋನಿಯಾ ದ್ವೀಪದ ಆ ಜೀವಿಗೆ 28 ಡಿಗ್ರಿ ಮೀರಿದ ಸೆಕೆ ಆಗಿಬರದು. ನಮ್ಮ ಸಂತೆಬಾಚಹಳ್ಳಿಯ ಏಪ್ರಿಲ್ ಬಿಸಿಲಿನಲ್ಲಿ ಅದರ ಗತಿಯೇನು? ಗೋಡೆಯ ಹಲ್ಲಿಗೇ ಕಿರುಚುವ ನಮ್ಮ ಅತ್ತೆಯ ಗತಿ ಬೇರೆ! ನೆರೆಯ ಹುಡುಗ ತೆಂಗಿನ ಪೊಟರೆಯಿಂದ ಗಿಳಿಮರಿ ತಂದುಕೊಡುತ್ತೇನೆಂದ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದು ಅಪರಾಧ, ಬೇಡವೆಂದೆ. ಕೊನೆಗೆ ಮೈಸೂರಿನಿಂದ ಒಂದು ಜೋಡಿ ಬಜರಿಗರ್ ತಂದೆವು. ಅಂಗಡಿಯವರು ಇವನ್ನು ಲವ್ ಬರ್ಡ್ಸ್ ಎಂದೇ ಮಾರುತ್ತಾರೆ.

ಈ ಹಕ್ಕಿಗಳು ಅಡ್ಡಡ್ಡ ಹಾರುವುದರಿಂದ ಪಂಜರ ಎತ್ತರಕ್ಕಿಂತ ಅಗಲವಾಗಿರಬೇಕು. ಒಂದೇ ದಪ್ಪದ ಕೋಲಿನ ಮೇಲೆ ಕೂತು ಕಾಲು ನೋಯದಿರಲೆಂದು ಸಣ್ಣ, ದಪ್ಪ ಸೀಬೆಕೊಂಬೆಗಳನ್ನು ಕಟ್ಟಿದೆ. ಬರೀ ನವಣೆ, ಸಜ್ಜೆ ಸಾಲದು. ಕೊತ್ತಂಬರಿ, ನುಗ್ಗೆಸೊಪ್ಪು, ಕ್ಯಾರೆಟ್ ತುರಿಯೂ ಬೇಕು. ಬೆಣ್ಣೆಹಣ್ಣು, ಚಾಕೊಲೇಟ್ ಇವಕ್ಕೆ ವಿಷ.

ಬೆಕ್ಕನ್ನು ಕಟ್ಟಿಹಾಕಿ ಉಪವಾಸ ಕೆಡವಿದ ಹೆಂಗಸಿನ ಹದೀಸನ್ನು ಮಕ್ಕಳಿಗೆ ಕಲಿಸುವವಳು ನಾನು. ಹೊಟ್ಟೆಗೆ ಕಡಿಮೆ ಮಾಡಲಿಲ್ಲ. ಆದರೆ ಜೊತೆಗಿರಲಿ ಎಂದು ಪಂಜರವನ್ನು ಅಡುಗೆಮನೆಯಲ್ಲಿಟ್ಟೆ.

ಒಂದು ಬೆಳಿಗ್ಗೆ ನಾನ್‌ಸ್ಟಿಕ್ ತವಾ ಒಲೆಯ ಮೇಲಿಟ್ಟು ಫೋನಿನಲ್ಲಿ ಮಾತಿಗೆ ನಿಂತೆ. ತವಾ ಕಾದು ಹೊಗೆಯಾಡಿತು. ನನಗೆ ಕೆಮ್ಮು ಕೂಡ ಬರಲಿಲ್ಲ. ತಿರುಗಿ ನೋಡಿದರೆ ಹಸಿರು ಹಕ್ಕಿ ಪಂಜರದ ತಳದಲ್ಲಿ ಬಿದ್ದಿತ್ತು. ಅತಿಯಾಗಿ ಕಾದ ಆ ಲೇಪದಿಂದ ಹೊರಡುವ ಅನಿಲ ಹಕ್ಕಿಗಳ ಶ್ವಾಸಕೋಶವನ್ನು ನಿಮಿಷಗಳಲ್ಲೇ ಕೆಡಿಸುತ್ತದಂತೆ. ಮದ್ರಸದಲ್ಲೂ ಓದಿದೆ, ಬಿ.ಎ.ಯನ್ನೂ ಮುಗಿಸಿದೆ, ಇದೊಂದು ಗೊತ್ತಿರಲಿಲ್ಲ.

ಹಳದಿಯದು ಆಗ ಜಗಲಿಯಲ್ಲಿ ಮಗಳ ಹೆಗಲ ಮೇಲಿದ್ದುದರಿಂದ ಉಳಿಯಿತು. ಈಗ ಪಂಜರ ಜಗಲಿಯಲ್ಲಿದೆ, ಒಲೆಯ ಮೇಲೆ ಅತ್ತೆಯ ಕಾಲದ ಕಬ್ಬಿಣದ ಕಾವಲಿ. ಆದರೂ ದೋಸೆ ಹುಯ್ಯುವಾಗೆಲ್ಲ ಮಗಳು ಬಂದು ಕಿಟಕಿ ತೆರೆದು ಹೋಗುತ್ತಾಳೆ.