ಮಜ್ಜಿಗೆ ಕೆರೆಯ ದಂಡೆಯಲ್ಲಿ ಬುತ್ತಿ

ವಡೋದರಾಕ್ಕೆ ಬಂದ ಹೊಸತರಲ್ಲಿ ನನ್ನ ಕಣ್ಣಿಗೆ ಒರಗಲು ಏನೂ ಸಿಗುತ್ತಿರಲಿಲ್ಲ. ಶಿರಾಳಕೊಪ್ಪದ ಕಡೆಯವನು ನಾನು. ಕತ್ತೆತ್ತಿದರೆ ಎಲ್ಲಾದರೂ ಒಂದು ಗುಡ್ಡ ಅಡ್ಡ ಬಂದು ನೋಟವನ್ನು ತಡೆಯಬೇಕು. ಇಲ್ಲಿ ಕತ್ತೆತ್ತಿದರೆ ಒಂದು ನೀರಿನ ಟ್ಯಾಂಕು, ಅದರಾಚೆ ಇನ್ನೊಂದು ನೀರಿನ ಟ್ಯಾಂಕು. ನೆಲವೋ, ಊಟದ ಮಣೆಯಷ್ಟು ಸಪಾಟು.

ಒಂದು ದಿನ ಆಫೀಸಿನಲ್ಲಿ ಇದನ್ನೇ ಗೊಣಗಿದೆ. ಪಕ್ಕದ ಮೇಜಿನ ಹಿರಿಯರು ಪೂರ್ವದ ಕಿಟಕಿಯತ್ತ ಕೈ ಮಾಡಿ, ಅಲ್ಲೊಂದಿದೆ, ಪಾವಾಗಢ, ಹತ್ತಿದರೆ ಗೊತ್ತಾಗುತ್ತದೆ ಎಂದು ನಕ್ಕು, "ಡುಂಗರಾ ದೂರ್‌ಥೀ ರಳಿಯಾಮಣಾ" ಅಂದರು. ಅರ್ಥ ಕೇಳಿದರೆ ನಮ್ಮ 'ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ'ಯೇ ಗುಜರಾತಿ 'ಕೇಡಿಯು' ಅಂಗಿ ತೊಟ್ಟು ನಿಂತಿದೆ! ಒಂದೇ ವ್ಯತ್ಯಾಸ: ಅವರಿಗೆ ದೂರದ ಬೆಟ್ಟ ಚಂದ, ನಮಗೆ ನುಣುಪು. ಕನ್ನಡದವರು ಬೆಟ್ಟವನ್ನು ಕಣ್ಣಲ್ಲೇ ಸವರಿ ನೋಡಿದವರು ಎಂದು ನನಗೆ ಅವತ್ತು ಸುಮ್ಮನೆ ಹೆಮ್ಮೆಯಾಯಿತು. ಹತ್ತುವ ಆಸೆಯೂ ಆಯಿತು.

ಗುಜರಾತಿನಲ್ಲಿ ಚದುರಿಹೋದ ನಾವು ನಾಲ್ವರು ಕನ್ನಡಿಗರು ಸೇರಲು ಮಳೆಗಾಲವೇ ಬರಬೇಕಾಯಿತು. ಅಹಮದಾಬಾದಿನಲ್ಲಿರುವ ವಿಜಯಪುರದವನು ಎಕ್ಸ್‌ಪ್ರೆಸ್ ಹೈವೇ ಹಿಡಿದು ಬಂದ. ಸೂರತ್‌ನ ಕುಂದಾಪುರ ದಂಪತಿ ಶನಿವಾರ ರಾತ್ರಿಯೇ ರೈಲಿಳಿದರು. ವಡೋದರಾ ನಡುವಿನ ಊರಾದ್ದರಿಂದ ಆತಿಥ್ಯ ನನ್ನ ತಲೆಗೆ. ವಿಜಯಪುರದವನು ಗಾಂಠಿಯಾದ ಪೊಟ್ಟಣ ತಂದಿದ್ದ. ಸೂರತ್‌ನವರು ತಂದ ಲೋಚೋ ಡಬ್ಬಿಯಲ್ಲಿ ಕುಲುಕಿ ಕುಲುಕಿ ರಾಗಿ ಅಂಬಲಿಯ ಹದಕ್ಕೆ ಬಂದಿತ್ತು. ನಾನು ಚಿತ್ರಾನ್ನ, ಚಟ್ನಿಪುಡಿ, ಮತ್ತು ಬಟ್ಟೆಯಲ್ಲಿ ಕಟ್ಟಿದ ಒಂದು ಹಿಡಿ ಉಪ್ಪು ತೆಗೆದುಕೊಂಡೆ. ಉಪ್ಪು ಉಂಬಳಕ್ಕೆ, ಅಂದರೆ ಜಿಗಣೆಗೆ. ಮಳೆಗಾಲದಲ್ಲಿ ಕಾಡಿಗೆ ಹೋಗುವಾಗ ಉಪ್ಪು ಕಟ್ಟಿಕೊಳ್ಳದವನು ಮಲೆನಾಡಿನವನೇ ಅಲ್ಲ.

ಭಾನುವಾರ ಬೆಳಿಗ್ಗೆ ಆರಕ್ಕೆ ಹಾಲೋಲ್ ದಾಟಿ ಪಾವಾಗಢದ ಬುಡದ ಚಾಂಪಾನೇರ್ ಮುಟ್ಟಿದೆವು. ಬೆಟ್ಟದ ತಲೆ ಮೋಡದೊಳಗಿತ್ತು. ಹತ್ತಲು ಬಂದ ಬೇರೆಯವರೂ ಸೇರಿ ಒಟ್ಟು ಹದಿನೆಂಟು ಜನರ ಗುಂಪು. ಮುಂದೆ ಒಬ್ಬ ಸ್ಥಳೀಯ ಹುಡುಗ, ಕೈಯಲ್ಲಿ ಬಿದಿರ ಕೋಲು, ಕಾಲಲ್ಲಿ ಹವಾಯಿ ಚಪ್ಪಲಿ. ನಮ್ಮ ಕಾಲಲ್ಲಿ ಮೂರು ಮೂರು ಸಾವಿರದ ಬೂಟು. ಮಾಚಿ ಎಂಬ ಜಾಗದವರೆಗೆ ಜೀಪು ಹೋಗುತ್ತದೆ, ಅಲ್ಲಿಂದ ಮೇಲಕ್ಕೆ ಉಡನ್ ಖಟೋಲಾ, ಅಂದರೆ ರೋಪ್‌ವೇ, ಇದೆ. ಅದನ್ನೆಲ್ಲ ಬಿಟ್ಟು ಹಳೆಯ ಕೋಟೆಬಾಗಿಲುಗಳ ಕಾಲುಹಾದಿಯಲ್ಲಿ ಹತ್ತಿಸುವುದಕ್ಕೆ ಅವನಿಗೆ ನಾವು ಹಣ ಕೊಟ್ಟಿದ್ದೆವು. ಕಷ್ಟಪಡುವುದಕ್ಕೆ ದುಡ್ಡು ಕೊಡುವ ಈ ವ್ಯವಹಾರ ನನ್ನ ಅಜ್ಜಿಗೆ ತಿಳಿದಿದ್ದರೆ ನಕ್ಕು ಸುಸ್ತಾಗುತ್ತಿದ್ದಳು.

ಎಷ್ಟು ದೂರ ಎಂದು ಯಾರು ಕೇಳಿದರೂ ಹುಡುಗನದು ಒಂದೇ ಉತ್ತರ, "ಪಾಂಚ್ ಮಿನಿಟ್." ಮೊದಲ ಬಾಗಿಲಿಗೂ ಐದು ನಿಮಿಷ, ಮೂರನೆಯದಕ್ಕೂ ಐದು ನಿಮಿಷ. ಎರಡು ತಾಸು ಹತ್ತಿದ ಮೇಲೂ ಆ ಐದರಲ್ಲಿ ಒಂದೂ ಕಳೆದಿರಲಿಲ್ಲ.

ಏದುಸಿರು ಬಿಡುತ್ತ ವಿಜಯಪುರದವನು ಒಂದು ಕಪ್ಪು ಬಂಡೆಗೆ ಅಂಗೈ ಊರಿ ನಿಂತ. ಆಮೇಲೆ ಅದನ್ನೇ ತಟ್ಟಿ ನೋಡಿ, "ಇದು ನಮ್ಮೂರ ಕಲ್ಲಪಾ, ಗೋಲಗುಮ್ಮಟದ್ದು" ಅಂದ. ನಕ್ಕೆವು. ಆದರೆ ಅವನು ಹೇಳಿದ್ದು ಸುಳ್ಳಲ್ಲ. ಸುಮಾರು 6.6 ಕೋಟಿ ವರ್ಷದ ಹಿಂದೆ ಉಕ್ಕಿ ಹರಿದ ದಖ್ಖನ್ನಿನ ಲಾವಾ ವಿಜಯಪುರದ ಕರಿನೆಲಕ್ಕೂ ಅಡಿಪಾಯ, ಈ ಬೆಟ್ಟದ ಬುಡಕ್ಕೂ ಅಡಿಪಾಯ. ಅಷ್ಟು ಸಿಕ್ಕಿದ್ದೇ ಅವನಿಗೆ ಜೋರು ಬಂತು. ವಡೋದರಾದ ಹೆಸರು ಮೊದಲು ಸಿಗುವುದೇ ರಾಷ್ಟ್ರಕೂಟರ ಲಾಟ ಶಾಖೆಯ ಕರ್ಕ ಸುವರ್ಣವರ್ಷನ 812ರ ತಾಮ್ರಪಟದಲ್ಲಿ, ವಟಪದ್ರಕ ಎಂಬ ದಾನದ ಹಳ್ಳಿಯಾಗಿ. ಹಾಗಾಗಿ ಊರೂ ನಮ್ಮದೇ ಎಂದು ಸಾಧಿಸಿದ. ದಾನ ಕೊಟ್ಟಾದ ಮೇಲೆ ನಮ್ಮದು ಹೇಗಾದೀತು ಎಂದು ಸೂರತ್‌ನ ಗೆಳತಿ ಕೇಳಿದಾಗ ನೀರು ಕುಡಿದು ಸುಮ್ಮನಾದ.

ಒಂದು ತಿರುವಿನಲ್ಲಿ ಹುಡುಗ ಕೋಲೆತ್ತಿ ಕಡಿದಾದ ಗೋಡೆಯಂಥ ಬಂಡೆಗಳನ್ನು ತೋರಿಸಿ, "ಹುಮಾಯೂನ್" ಅಂದ. ಅಷ್ಟೇ. ಉಳಿದದ್ದು ಅಕ್ಬರನಾಮಾದಲ್ಲಿದೆ. ಸುಲ್ತಾನ ಮಹಮೂದ್ ಬೇಗಡಾ ತಿಂಗಳುಗಟ್ಟಲೆ ಮುತ್ತಿಗೆ ಹಾಕಿ 1484ರಲ್ಲಿ ಗೆದ್ದ ಈ ಕೋಟೆಯನ್ನು 1535ರಲ್ಲಿ ಹುಮಾಯೂನ್ ಒಂದು ರಾತ್ರಿ ಹಿಂಬದಿಯಿಂದ ಹತ್ತಿದ. ಬಂಡೆಗೆ ಎಡಕ್ಕೊಂದು ಬಲಕ್ಕೊಂದು ಉಕ್ಕಿನ ಮೊಳೆ ಹೊಡೆಸಿ ಏಣಿ ಮಾಡಿದ್ದ. ಮೊದಲು 39 ಜನ, ನಲವತ್ತನೆಯವನು ಬೈರಾಮ್ ಖಾನ್, ನಲವತ್ತೊಂದನೆಯವನು ಬಾದಶಹಾ. ಚರಿತ್ರೆಯ ಮೇಷ್ಟರು ಇದನ್ನು ಶೌರ್ಯ ಎಂದಿದ್ದರು. ನನಗೆ ಅಲ್ಲಿ ಕಂಡದ್ದು ಪಕ್ಕಾ ಟ್ರೆಕ್ಕಿಂಗ್ ಬುದ್ಧಿ: ನಲವತ್ತು ಜನರ ತೂಕ ತಡೆದ ಮೊಳೆಗೆ ಕಾಲಿಡುವುದು. ನಾನೂ ಹದಿನೆಂಟು ಜನರಲ್ಲಿ ಹದಿನೆಂಟನೆಯವನಾಗಿಯೇ ಹತ್ತುತ್ತಿದ್ದೆ.

ಮೇಲೆ ಮೌಲಿಯಾ ಬಯಲು ಬಂತು. ಪಾವಾಗಢದವರ ಮೇಲೆ ನನಗೆ ಪ್ರೀತಿ ಹುಟ್ಟಿಸಿದ್ದು ಅವರ ಕೆರೆಗಳ ಹೆಸರು: ದೂಧಿಯಾ, ಛಾಸಿಯಾ, ತೇಲಿಯಾ. ಹಾಲಿನ ಕೆರೆ, ಮಜ್ಜಿಗೆ ಕೆರೆ, ಎಣ್ಣೆ ಕೆರೆ. ಹತ್ತಿ ಹತ್ತಿ ಹಸಿದವನೇ ಇಟ್ಟ ಹೆಸರಿರಬೇಕು. ಛಾಸಿಯಾದ ದಂಡೆಯಲ್ಲಿ ಬುತ್ತಿ ಬಿಚ್ಚಿದೆವು. ನೀರು ಹಸಿರುಗಪ್ಪು, ಮಜ್ಜಿಗೆಯಂತಿದ್ದದ್ದು ಅದರ ಮೇಲೆ ತೇಲುತ್ತಿದ್ದ ಮಂಜು. ಚಿತ್ರಾನ್ನದ ಪಕ್ಕ ಗಾಂಠಿಯಾ, ಅದರ ಮೇಲೆ ಚಟ್ನಿಪುಡಿ. ಹುಡುಗ ಚಟ್ನಿಪುಡಿಯನ್ನು ಬೆರಳಲ್ಲಿ ಮುಟ್ಟಿ ನಾಲಗೆಗಿಟ್ಟು, ಕಣ್ಣರಳಿಸಿ, ಇದರಲ್ಲಿ ಸಕ್ಕರೆಯೇ ಇಲ್ಲವಲ್ಲ ಎಂದು ಮರುಗಿದ. ಲೋಚೋ ಅಂಬಲಿಯನ್ನು ಮಾತ್ರ ಪೂರ್ತಿ ಮುಗಿಸಿದ. ಅಷ್ಟು ದೂರ ಬಂದರೂ ಒಂದು ಉಂಬಳವೂ ಕಾಲಿಗೆ ಹತ್ತಿರಲಿಲ್ಲ. ನನ್ನ ಉಪ್ಪಿನ ಗಂಟು ಕೊನೆಗೆ ಸೌತೆಕಾಯಿಗೆ ಒದಗಿತು.

ಕೈ ತೊಳೆಯಲು ಎದ್ದಾಗ ಕೆರೆಯ ಪಕ್ಕದ ಹಾಳು ಗುಡಿ ಕಂಡಿತು. ಶಿಖರವಿಲ್ಲ. ಗೋಡೆಯ ಶಿಲ್ಪಗಳ ಮುಖವನ್ನು ಮಳೆ ತಿಂದಿದೆ. ಯಾವ ದೇವರು ಎಂದೆ. ಹುಡುಗ, "ಲಕುಲೀಶ್" ಅಂದ.

ನಾನು ಎಂಜಲು ಕೈಯಲ್ಲೇ ನಿಂತುಬಿಟ್ಟೆ. ನಮ್ಮ ಮನೆಯಿಂದ ಬಳ್ಳಿಗಾವಿ ಸೈಕಲ್ಲಿನ ದೂರ. ಅಲ್ಲಿನ ಕೇದಾರೇಶ್ವರದ ಜಗಲಿ ನಮಗೆ ಪರೀಕ್ಷೆಗೆ ಓದುವ ಜಾಗ. ಓದಿದ್ದಕ್ಕಿಂತ ಕಂಬದ ನುಣುಪಿಗೆ ಬೆನ್ನು ಉಜ್ಜಿದ್ದೇ ಹೆಚ್ಚು. ಅದು ಒಂದು ಕಾಲಕ್ಕೆ ಕಾಳಾಮುಖ ಶೈವರ ಕೋಡಿಮಠ. ಅಲ್ಲಿ ಲಾಕುಳ ಸಿದ್ಧಾಂತ ಓದುತ್ತಿದ್ದರು, ಬಡವರಿಗೆ ಅನ್ನ, ರೋಗಿಗಳಿಗೆ ಮದ್ದು ಕೊಡುತ್ತಿದ್ದರು ಎಂದು 1162ರ ಶಾಸನವಿದೆ. ಆ 'ಲಾಕುಳ', ಅಂದರೆ ಲಕುಲೀಶನ ಮತ, ಯಾವ ಊರಿನದು ಎಂದು ನಾವು ಯಾರೂ ಕೇಳಿರಲಿಲ್ಲ. ದೊಣ್ಣೆ ಹಿಡಿದು ಕೂರುವ ಈ ಲಕುಲೀಶನ ಹುಟ್ಟೂರು ಎಂದು ಹೇಳುವ ಕಾಯಾವರೋಹಣ ವಡೋದರಾದ ಪಕ್ಕದಲ್ಲೇ ಇದೆ. ಆಫೀಸಿನ ಕೆಲಸಕ್ಕೆಂದು ಅದರ ಫಲಕದ ಕೆಳಗೇ ಎಷ್ಟೋ ಸಲ ಹಾದುಹೋಗಿದ್ದೆ. ಬಳ್ಳಿಗಾವಿಯಲ್ಲಿ ಕೆರೆಯ ಕೋಡಿ, ಇಲ್ಲಿ ಮಜ್ಜಿಗೆ ಕೆರೆ. ಕಲ್ಲಿಗೆ ಬೆನ್ನು ಕೊಟ್ಟು ನೋಡಿದೆ. ಒದ್ದೆಯಾಗಿತ್ತು, ಒರಟಾಗಿತ್ತು.

ತುದಿಯ ಕಾಳಿಕಾ ಮಾತೆಯ ದರ್ಶನ ಜನರ ನೂಕಿನಲ್ಲಿ ಅರೆ ಕ್ಷಣ. ಇಳಿಯುವಾಗ ಮಂಡಿಗಳು ನಮ್ಮ ಮಾತು ಕೇಳುವುದನ್ನು ಬಿಟ್ಟಿದ್ದವು. ಸೂರತ್ ದಂಪತಿ ನಾಚಿಕೆಯಿಲ್ಲದೆ ಉಡನ್ ಖಟೋಲಾ ಹತ್ತಿದರು. ನಾವಿಬ್ಬರು ಮಾನಕ್ಕೆ ಅಂಜಿ ನಡೆದೇ ಇಳಿದು, ಪಾಚಿಯ ಮೇಲೆ ಸಮವಾಗಿ ಎರಡೆರಡು ಸಲ ಕೂತೆವು. ಪಕ್ಕದಲ್ಲಿ ಸಣ್ಣ ಸಣ್ಣ ತೊರೆಗಳು ಕಲ್ಲಿನಿಂದ ಕಲ್ಲಿಗೆ ಇಳಿಯುತ್ತಿದ್ದವು. ವಿಶ್ವಾಮಿತ್ರಿ ಇಲ್ಲೇ ಹುಟ್ಟುವುದು ಎಂದ ಹುಡುಗ. ವಡೋದರಾದ ನಡುವೆ ಹರಿಯುವ, 2024ರ ಆಗಸ್ಟಿನಲ್ಲಿ ಉಕ್ಕಿ ಮೊಸಳೆಗಳನ್ನು ಬೀದಿಗೆ ತಂದ ಅದೇ ನದಿ.

ಸೋಮವಾರ ಆಫೀಸಿಗೆ ಹೊರಟವನು ಕಾಲಾಘೋಡಾದ ಸೇತುವೆಯ ಮೇಲೆ ಸ್ಕೂಟರು ನಿಲ್ಲಿಸಿದೆ. ಕಾಲು ಊರಿದರೆ ತೊಡೆಯಿಂದ ಹಿಮ್ಮಡಿಯವರೆಗೆ ಬೆಂಕಿ. ಕೆಳಗೆ ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ಕಂಬಿಗೆ ಗದ್ದವೂರಿದ್ದ ಶಾಲೆಯ ಹುಡುಗನೊಬ್ಬ ನೀರಿನಂಚಿನ ಕೊರಡೊಂದನ್ನು ತೋರಿಸಿ, "ಮಗರ್ ಛೇ, ಮಗರ್!" ಅಂದ. ಕೊರಡೋ ಮೊಸಳೆಯೋ, ಅಲುಗುತ್ತದೇನೋ ಎಂದು ಇಬ್ಬರೂ ನೋಡುತ್ತ ನಿಂತೆವು. ಹಿಂದೆ ರಿಕ್ಷಾದವನು ಹಾರ್ನ್ ಒತ್ತಿದ. ನಾನು ಕೈ ಎತ್ತಿ, "ಪಾಂಚ್ ಮಿನಿಟ್" ಅಂದೆ.