ಕಿಸೆಯಲ್ಲೊಂದು ಚಾಕು

ನನ್ನ ಕಿಸೆಯಲ್ಲಿ ಯಾವಾಗಲೂ ಒಂದು ಚಾಕು ಇರುತ್ತದೆ. ಇದನ್ನು ಓದಿ ಯಾರೂ ಗಾಬರಿಪಡಬೇಕಾಗಿಲ್ಲ. ನಾನು ಕಲಬುರಗಿಯ ಕಾಲೇಜೊಂದರಲ್ಲಿ ಕನ್ನಡ ಅಧ್ಯಾಪಕ. ವಯಸ್ಸು ನಲವತ್ತು ದಾಟಿದೆ. ನಾಯಿ ಬೊಗಳಿದರೆ ರಸ್ತೆಯ ಆಚೆ ಬದಿಗೆ ಹೋಗುವ ಸ್ವಭಾವದವನು. ಕನ್ನಡ ಎಂ.ಎ. ಮಾಡಿದವನ ಕಿಸೆಯಲ್ಲಿ ಪೆನ್ನು ಇರಬೇಕು, ಕನ್ನಡಕವಿರಬೇಕು, ತಿಂಗಳ ಕೊನೆಯ ವಾರವಾದರೆ ಏನೂ ಇರಬಾರದು. ಚಾಕು ಏಕೆ ಎಂದು ಕೇಳುವವರುಂಟು. ಅವರಿಗೆ ಉತ್ತರ ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ. ಹೇಳಬೇಕಾಗಿದ್ದ ಒಂದು ಹೊತ್ತಿನಲ್ಲಿ ಹೇಳದೆ ಕುಳಿತೆನೆಂಬುದೂ ಇನ್ನೊಂದು ಕಾರಣ. ಅದನ್ನು ಆಮೇಲೆ ಹೇಳುತ್ತೇನೆ.

ಚಾಕು ಸ್ವಿಟ್ಜರ್ಲೆಂಡಿನದು. ಕೆಲಸದ ಮೇಲೆ ಅಲ್ಲಿಗೆ ಹೋಗಿ ಬಂದ ನನ್ನ ಸೋದರಮಾವನ ಮಗ ತಂದುಕೊಟ್ಟದ್ದು. ಕೆಂಪು ಹಿಡಿ, ಹಿಡಿಯ ಮೇಲೆ ಬಿಳಿಯ ಶಿಲುಬೆ, ಮಡಿಸಿದರೆ ನಡುಬೆರಳಿಗಿಂತ ತುಸು ಉದ್ದ, ತೂಕ ಸುಮಾರು 60 ಗ್ರಾಂ. ಇಷ್ಟರೊಳಗೆ ದೊಡ್ಡದೊಂದು ಸಣ್ಣದೊಂದು ಎರಡು ಅಲಗು, ಡಬ್ಬಿ ತೆರೆಯುವ ಕೊಕ್ಕೆ, ಸೀಸೆಯ ಮುಚ್ಚಳ ಎಬ್ಬಿಸುವ ಕೊಕ್ಕೆ, ಅದರ ತುದಿಯಲ್ಲೇ ಸ್ಕ್ರೂ ತಿರುಗಿಸುವ ಚಪ್ಪಟೆ ಮೂತಿ, ತೂತು ಕೊರೆಯುವ ದಬ್ಬಳ, ಹಿಡಿಯ ಸಂದಿಯಲ್ಲಿ ಅಡಗಿ ಕುಳಿತ ಒಂದು ಹಲ್ಲುಕಡ್ಡಿ ಮತ್ತು ಒಂದು ಚಿಮಟಿಗೆ. ಇವಲ್ಲದೆ ಬೆನ್ನಿನ ಕಡೆ ಸುರುಳಿ ಸುತ್ತಿಕೊಂಡ ಒಂದು ಕಂಬಿಯೂ ಉಂಟು. ಅದು ದ್ರಾಕ್ಷಾರಸದ ಸೀಸೆಯ ಬಿರಡೆ ತೆಗೆಯುವುದಕ್ಕಂತೆ. ನಮ್ಮ ಮನೆಗೆ ಅಂಥ ಸೀಸೆ ಈವರೆಗೆ ಬಂದಿಲ್ಲ. ಬಂದರೆ ಅದರ ಹಿಂದೆಯೇ ನಾನು ಮನೆಯಿಂದ ಹೊರಗೆ ಹೋಗಬೇಕಾಗುತ್ತದೆ. ಆದ್ದರಿಂದ ಅದನ್ನು ಗಂಟು ಬಿಚ್ಚಲು ಉಪಯೋಗಿಸುತ್ತೇನೆ. ಜೋಳದ ಚೀಲದ ಬಾಯಿಯ ಗಂಟಿರಲಿ, ಮಗಳ ಬೂಟಿನ ಲಾಡಿಯ ಗಂಟಿರಲಿ, ಅದರ ಮೂತಿಯನ್ನು ಒಳಗೆ ತೂರಿಸಿ ಎಳೆದರೆ ಸಾಕು.

ಕಾಲೇಜಿನಲ್ಲಿ ನನ್ನ ಪಾಂಡಿತ್ಯಕ್ಕಿಂತ ಈ ಚಾಕುವಿಗೆ ಬೇಡಿಕೆ ಹೆಚ್ಚು. "ಸರ, ಚಾಕು ಅದ ಏನ್ರಿ?" ಎಂಬ ಪ್ರಶ್ನೆ ನಮ್ಮ ಸ್ಟಾಫ್ ರೂಮಿನಲ್ಲಿ ದಿನಕ್ಕೆ ಎರಡು ಸಲವಾದರೂ ಕೇಳಿಸುತ್ತದೆ. ಪುಸ್ತಕದ ಪಾರ್ಸೆಲ್ಲಿನ ದಾರ ಕತ್ತರಿಸಬೇಕು. ಕುರ್ಚಿಯ ಕಾಲು ಅಲ್ಲಾಡುತ್ತದೆ, ಸ್ಕ್ರೂ ಬಿಗಿಯಬೇಕು. ಮಧ್ಯಾಹ್ನ ಪೇರಲಹಣ್ಣು ಹೆಚ್ಚಿ ಉಪ್ಪು ಖಾರ ಹಚ್ಚಬೇಕು. ಗಣಿತದ ಅಧ್ಯಾಪಕ ಮಿತ್ರರೊಬ್ಬರಂತೂ ಪೇರಲಹಣ್ಣನ್ನು ನಾನಿದ್ದ ದಿವಸ ಮಾತ್ರ ತರುತ್ತಾರೆ. ಇದು ನನ್ನ ಹೆಂಡತಿಯ ಕಿವಿಗೂ ಬಿದ್ದಿದೆ. "ಅಡಿಗಿ ಮನ್ಯಾಗ ಈಳಿಗಿ ಮುಟ್ಟಂದ್ರ ಮುಟ್ಟಂಗಿಲ್ಲ, ಹೊರಗ ಮಂದಿ ಹಣ್ಣು ಹೆಚ್ಚಲಾಕ ಮುಂದ!" ಎಂದು ಅವಳ ದೂರು. ಅದರಲ್ಲಿ ಸತ್ಯಾಂಶವಿದೆಯಾದ್ದರಿಂದ ನಾನು ವಾದಕ್ಕೆ ಹೋಗುವುದಿಲ್ಲ.

ಚಾಕು ಸ್ವಿಟ್ಜರ್ಲೆಂಡಿನಿಂದ ಬಂದರೂ ಈ ಚಟ ನನಗೆ ಬಂದದ್ದು ಕಮಲಾಪುರದಿಂದ. ಕಲಬುರಗಿಯಿಂದ ಹುಮನಾಬಾದಿನ ದಾರಿ ಹಿಡಿದರೆ ಮೂವತ್ತೈದು ಕಿಲೋಮೀಟರಿನ ಆಸುಪಾಸಿನಲ್ಲಿ ನಮ್ಮೂರು. ಈಗ ಅದು ತಾಲೂಕಿನ ಕೇಂದ್ರ. ನಾನು ಹುಡುಗನಾಗಿದ್ದಾಗ ಕೆಂಪು ಬಾಳೆಹಣ್ಣಿನ ಊರು ಎಂಬುದಷ್ಟೇ ಅದರ ಹೆಚ್ಚಳ. ನಮ್ಮ ಅಪ್ಪ ಮೊಣಕಾಲುದ್ದ ಧೋತರದ ಒಳಗೆ ಉಡದಾರಕ್ಕೆ ಒಂದು ಸಣ್ಣ ಬಳೆ ಕಟ್ಟಿಕೊಂಡಿರುತ್ತಿದ್ದ. ಆ ಬಳೆಗೆ ಮೂರು ಸಾಮಾನು: ಒಂದು ಚಿಮಟಿಗೆ, ಮುಳ್ಳು ಕೆದರುವ ಒಂದು ಮೊನೆ, ಕಿವಿಯ ಗುಗ್ಗೆ ತೆಗೆಯುವ ಒಂದು ಪುಟ್ಟ ಚಮಚ. ಕೊರಳಿಗೆ ಜೋತುಬಿದ್ದ ಚಂಚಿಯಲ್ಲಿ ಎಲೆ, ಅಡಿಕೆ, ಸುಣ್ಣದ ಡಬ್ಬಿ, ಅಡಕೊತ್ತು. ಬನಿಯನ್ನಿನ ಕಿಸೆಯಲ್ಲಿ ಮರದ ಹಿಡಿಯ, ಬಾಗಿದ ಅಲಗಿನ ಒಂದು ಚಾಕು. ಸ್ವಿಟ್ಜರ್ಲೆಂಡಿನವರು ಇಷ್ಟನ್ನೂ ಒಂದು ಹಿಡಿಯೊಳಗೆ ಮಡಿಸಿ ಸೇರಿಸಿದರು. ನಮ್ಮಪ್ಪ ಮೈಮೇಲೆ ಹಂಚಿಕೊಂಡಿದ್ದ. ಕಾಲಿಗೆ ಜಾಲಿಮುಳ್ಳು ಮುರಿದರೆ ಓಣಿಯವರು ಅಪ್ಪನ ಹತ್ತಿರ ಬರುತ್ತಿದ್ದರು. ಊರಿನ ಅರ್ಧ ಮಂದಿಯ ಅಂಗಾಲು ಅವನಿಗೆ ಪರಿಚಯ.

ಬಾಳೆಹಣ್ಣು ತಿನ್ನಲು ಚಾಕು ಬೇಡ ನಿಜ, ಬೆಳೆಯಲು ಬೇಕು. ಒಣಗಿದ ಎಲೆ ಕೊಯ್ಯಬೇಕು, ಬುಡದ ಕಂದು ತೆಗೆಯಬೇಕು, ಗೊನೆಯಿಂದ ಚಿಪ್ಪು ಬಿಡಿಸಬೇಕು, ಕಟ್ಟಿದ ನಾರು ಹರಿಯಬೇಕು. ಬೇರೆ ಬಾಳೆ ವರ್ಷದೊಳಗೆ ಕೈಗೆ ಬಂದರೆ ಕೆಂಪು ಬಾಳೆಗೆ ಹೆಚ್ಚುಕಡಿಮೆ ಒಂದೂವರೆ ವರ್ಷ ಕಾಯಬೇಕು. ಗಿಡವೂ ಎತ್ತರ, ನೀರೂ ಗೊಬ್ಬರವೂ ಹೆಚ್ಚು. ಇಂದು ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಮಾನ್ಯತೆ ಇಲ್ಲದ ಕಾಲದಲ್ಲೂ ಅದಕ್ಕೊಂದು ಗುರುತಿತ್ತು. ಅದು ಬಾಳೆಯ ಕರೆ. ಹಸಿ ಬಾಳೆಯ ಸೊನೆ ತಾಗಿದರೆ ಮೊದಲು ನೀರಿನಂತೆ ಇರುತ್ತದೆ, ಗಳಿಗೆ ಕಳೆದರೆ ಕಂದಾಗುತ್ತದೆ, ಆಮೇಲೆ ಕಪ್ಪಾಗುತ್ತದೆ. ಅಂಗಿಗೆ ಹತ್ತಿದರೆ ಅಂಗಿ ಹರಿದರೂ ಹೋಗುವುದಿಲ್ಲ. ಅಪ್ಪನ ಚಾಕುವಿನ ಅಲಗು ಯಾವಾಗಲೂ ಕಂದುಗಪ್ಪು ಬಣ್ಣಕ್ಕೇ ಇರುತ್ತಿತ್ತು.

ಅಪ್ಪ ಚಾಕುವನ್ನು ಯಾರಿಗೂ ಕೈಯಿಂದ ಕೈಗೆ ಕೊಡುತ್ತಿರಲಿಲ್ಲ. ನೆಲದ ಮೇಲೆ ಇಡುತ್ತಿದ್ದ, ಬೇಕಾದವರು ಎತ್ತಿಕೊಳ್ಳಬೇಕು. ಕೈಯಿಂದ ಕೈಗೆ ಕೊಟ್ಟರೆ ಕೊಟ್ಟವನಿಗೂ ಕೊಂಡವನಿಗೂ ಜಗಳ ಬರುತ್ತದೆಂದು ಹಿರಿಯರ ನಂಬಿಕೆ. ನಾನು ಕಾಲೇಜು ಸೇರಿದ ಮೇಲೆ ಇದನ್ನು ಮೂಢನಂಬಿಕೆ ಎಂದು ಅವನೆದುರಿಗೇ ಹೇಳಿದೆ. ಅಪ್ಪ ಸಿಟ್ಟಾಗಲಿಲ್ಲ. "ಕೈಯಾಗ ಕೊಡುವಾಗ ಒಬ್ಬನ ಕಡಿ ಹಿಡಿಕಿ ಇರ್ತದ, ಇನ್ನೊಬ್ಬನ ಕಡಿ ಅಲಗು ಇರ್ತದ ತಮ್ಮಾ" ಎಂದ. ಆಗ ನನಗೆ ಅದು ಬರೀ ಕೈ ಕುಯ್ದುಕೊಳ್ಳದಿರಲು ಹೇಳಿದ ಜಾಣತನವೆನ್ನಿಸಿತು.

ನನ್ನ ಕಿಸೆಯ ಚಾಕುವಿನ ಪೂರ್ವೋತ್ತರವನ್ನೂ ಒಂದಿಷ್ಟು ಹೇಳಬೇಕು. ಅದು ಸಾಧು ಕುಲದಲ್ಲಿ ಹುಟ್ಟಿದ್ದಲ್ಲ. ಸ್ವಿಟ್ಜರ್ಲೆಂಡಿನ ಸೈನಿಕರಿಗೆ ಬಂದೂಕು ಬಿಚ್ಚಲು ತಿರುಪಿನ ಸಾಧನ ಬೇಕಾಯಿತು, ಊಟದ ಡಬ್ಬಿ ತೆರೆಯಲು ಕೊಕ್ಕೆ ಬೇಕಾಯಿತು. ಈಬಾಖ್ ಎಂಬ ಊರಿನಲ್ಲಿ 1884ರಲ್ಲಿ ಚಾಕುವಿನ ಕಾರ್ಖಾನೆ ಹಾಕಿದ್ದ ಕಾರ್ಲ್ ಎಲ್ಸೆನರ್ 1891ರಿಂದ ಸೈನ್ಯಕ್ಕೆ ಇಂಥ ಚಾಕು ಒದಗಿಸತೊಡಗಿದ. 1897ರಲ್ಲಿ ಅಧಿಕಾರಿಗಳಿಗೆಂದು ಹಗುರವಾದ ಇನ್ನೊಂದನ್ನು ಮಾಡಿದ. ಬಿರಡೆ ತೆಗೆಯುವ ಸುರುಳಿ ಸೇರಿದ್ದು ಅದಕ್ಕೇ. ಅವನ ತಾಯಿಯ ಹೆಸರು ವಿಕ್ಟೋರಿಯಾ. ಅವಳ ಹೆಸರಿಗೆ ತುಕ್ಕು ಹಿಡಿಯದ ಉಕ್ಕಿನ ಹೆಸರನ್ನು ಕೂಡಿಸಿ 1921ರಲ್ಲಿ ವಿಕ್ಟೋರಿನಾಕ್ಸ್ ಎಂಬ ಹೆಸರಾಯಿತು. ಅಂತೂ ನನ್ನ ಚಾಕು ಬಂದೂಕಿನ ಬಳಗದ್ದು. ಅಪ್ಪನದು ಬಾಳೆಯ ಬಳಗದ್ದು. ಆದರೆ ನಾಲ್ಕು ಜನರ ಎದುರಿಗೆ ಮೇಜಿನ ಮೇಲಿಟ್ಟಾಗ ಯಾವುದು ಆಯುಧವಾಗಿ ಕಾಣುತ್ತದೆ, ಯಾವುದು ಆಟಿಗೆಯಾಗಿ ಕಾಣುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡೆ.

ಕಳೆದ ವರ್ಷ ನಮ್ಮ ಕಾಲೇಜಿನ ಗೇಟಿನ ಹತ್ತಿರ ಹುಡುಗರ ಎರಡು ಗುಂಪುಗಳಿಗೆ ಹೊಡೆದಾಟವಾಯಿತು. ಮರುದಿನದಿಂದ ಚೀಲಗಳ ತಪಾಸಣೆ ಶುರುವಾಯಿತು. ಮೂರನೆಯ ದಿನ ಬಿ.ಎ. ಎರಡನೆಯ ವರ್ಷದ ಹುಡುಗನೊಬ್ಬನ ಚೀಲದಲ್ಲಿ ಒಂದು ಚಾಕು ಸಿಕ್ಕಿತು. ಪ್ರಾಂಶುಪಾಲರು ಶಿಸ್ತು ಸಮಿತಿಯನ್ನು ಕರೆದರು. ಅವರು ಬಂದು ಇನ್ನೂ ಎರಡು ತಿಂಗಳು. ನನ್ನ ಚಾಕುವಿನ ಕೀರ್ತಿ ಅವರನ್ನು ಮುಟ್ಟಿರಲಿಲ್ಲ. ಸಮಿತಿಯಲ್ಲಿ ನಾನಿದ್ದೆ, ಪೇರಲಹಣ್ಣಿನ ಮಿತ್ರರೂ ಇದ್ದರು.

ಮೇಜಿನ ಮೇಲೆ ಚಾಕು ಇತ್ತು. ಮರದ ಹಿಡಿ, ಬಾಗಿದ ಅಲಗು, ಅಲಗಿನ ಮೇಲೆ ಕಂದುಗಪ್ಪು ಕಲೆ. ನನಗೆ ಒಂದು ಗಳಿಗೆ ಅಪ್ಪನೇ ಅಲ್ಲಿ ಇಟ್ಟು ಹೋದಂತೆನಿಸಿತು. ಹುಡುಗ ಕಮಲಾಪುರದವನು. ನಸುಕಿನಲ್ಲಿ ಬಾಳೆಗೊನೆಗಳನ್ನು ಟಂಟಂನಲ್ಲಿ ಹಾಕಿಕೊಂಡು ಬಂದು, ಸೂಪರ್ ಮಾರ್ಕೆಟ್ಟಿನ ಕಡೆ ಅಂಗಡಿಗಳಿಗೆ ಚಿಪ್ಪು ಬಿಡಿಸಿ ಕೊಟ್ಟು, ಅಲ್ಲಿಂದ ನೇರ ತರಗತಿಗೆ ಬರುವವನು.

"ಇದೇನು ಕಲಿ?" ಎಂದು ಒಬ್ಬರು ಕೇಳಿದರು.

"ಬಾಳಿ ಕರಿ ಅದ ರೀ ಸರ" ಎಂದ ಹುಡುಗ.

ಅವರು ನಂಬಿದಂತೆ ಕಾಣಲಿಲ್ಲ. ಹುಡುಗ ನನ್ನ ಕಡೆ ನೋಡಿದ. ನಾನು ಅವನ ಊರಿನವನೆಂಬುದು ಅವನಿಗೆ ಗೊತ್ತಿತ್ತು.

ಪ್ರಾಂಶುಪಾಲರು ಕೆಟ್ಟವರಲ್ಲ, ಗಲಾಟೆಯಿಂದ ಬೇಸತ್ತಿದ್ದರು. "ಮರ್ಯಾದಸ್ಥರು ಕಾಲೇಜಿಗಿ ಚಾಕು ತರ್ತಾರೇನ್ರಿ? ಇಲ್ಲಿ ಕೂತವರೊಳಗ ಯಾರ ಕಿಸೆದಾಗರೆ ಚಾಕು ಅದ ಏನ್ರಿ?" ಎಂದು ಎಲ್ಲರ ಮುಖ ನೋಡಿದರು.

ನನ್ನ ಕೈ ತಾನಾಗಿಯೇ ಕಿಸೆಯ ಕಡೆ ಹೋಯಿತು. ಹೋದದ್ದು ತೆಗೆಯಲಿಕ್ಕಲ್ಲ, ಉಬ್ಬು ಕಾಣದಂತೆ ಮುಚ್ಚಲಿಕ್ಕೆ. ಗಣಿತದ ಮಿತ್ರರು ಒಮ್ಮೆ ನನ್ನನ್ನು ನೋಡಿ ಆಮೇಲೆ ತಲೆಯ ಮೇಲಿನ ಪಂಖೆಯನ್ನು ನೋಡತೊಡಗಿದರು. ಯಾರೂ ಮಾತಾಡಲಿಲ್ಲ. ಎಂಟು ದಿನ ತರಗತಿಗೆ ಬರಕೂಡದು, ಬರುವಾಗ ತಂದೆಯನ್ನು ಕರೆತರಬೇಕು ಎಂದು ಬರೆದದ್ದಾಯಿತು. ನಾನೂ ಸಹಿ ಹಾಕಿದೆ.

ರಾತ್ರಿ ಇದನ್ನು ಹೆಂಡತಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಎಲ್ಲ ಕೇಳಿ, "ಆವಾಗ ನಿಮ್ದು ಎಲ್ಲಿತ್ತು?" ಎಂದಳು.

"ಕಿಸೆದಾಗ" ಎಂದೆ.

ಅವಳು ಮತ್ತೇನೂ ಅನ್ನಲಿಲ್ಲ. ರೊಟ್ಟಿ ಬಡಿಯುವ ಸದ್ದು ಮಾತ್ರ ಮುಂದುವರಿಯಿತು. ಈಳಿಗೆಯ ವಿಷಯಕ್ಕೆ ಅಷ್ಟು ಮಾತಾಡುವವಳು ಇದಕ್ಕೆ ಸುಮ್ಮನಿದ್ದುದು ನನಗೆ ತಡೆಯಲಿಲ್ಲ.

ಮರುದಿನ ಬೆಳಿಗ್ಗೆ ಪ್ರಾಂಶುಪಾಲರ ಕೋಣೆಗೆ ಹೋಗಿ ನನ್ನ ಚಾಕುವನ್ನು ಹುಡುಗನ ಚಾಕುವಿನ ಪಕ್ಕಕ್ಕೆ ಇಟ್ಟೆ. "ಇದು ನಂದು ಸರ. ಎರಡು ವರ್ಷ ಆತು, ದಿನಾ ಕಾಲೇಜಿಗಿ ಬರ್ತದ" ಎಂದೆ. ಕಲೆ ಬಾಳೆಯದೇ ಎಂದೂ, ನನಗೆ ನಿನ್ನೆಯೇ ಗೊತ್ತಿತ್ತೆಂದೂ ಹೇಳಿದೆ. ಶಸ್ತ್ರಾಸ್ತ್ರಗಳ ಬಗೆಗೆ 2016ರ ಕೇಂದ್ರ ನಿಯಮಗಳನ್ನು ರಾತ್ರಿ ಓದಿಕೊಂಡು ಹೋಗಿದ್ದೆ. ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಿದ್ದರೆ ಅದು ಶಸ್ತ್ರ. ಮನೆಯ ಕೆಲಸಕ್ಕೆ, ಒಕ್ಕಲುತನಕ್ಕೆ ಮಾಡಿದ್ದು ಆ ಲೆಕ್ಕಕ್ಕೆ ಬರುವುದಿಲ್ಲ. ಪ್ರಾಂಶುಪಾಲರು ಅಡಿಪಟ್ಟಿ ತೆಗೆದು ಎರಡನ್ನೂ ಅಳೆದರು. ನನ್ನದು ಮೂರು ಇಂಚಿಗೆ ತುಸು ಕಡಿಮೆ, ಹುಡುಗನದು ನಾಲ್ಕು. "ಒಂದು ಇಂಚಿಗಿ ಎಂಟು ದಿವಸ ಕೊಟ್ಟೀವಿ ಅಂದಂಗಾತು" ಎಂದರು. ಅವರು ನಗುತ್ತಿರಲಿಲ್ಲ. ಆದೇಶ ರದ್ದಾಯಿತು. ಹುಡುಗರು ಇಂಥ ಸಾಮಾನನ್ನು ಗೇಟಿನ ಕಾವಲುಗಾರನ ಹತ್ತಿರ ಇಟ್ಟು ಬರಬೇಕು, ನಾನು ನನ್ನದನ್ನು ಸ್ಟಾಫ್ ರೂಮಿನ ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಡಬೇಕು ಎಂದು ಗೊತ್ತಾಯಿತು. ನ್ಯಾಯವಾದ ಮಾತೇ. ಹೊಡೆದಾಟ ನಡೆದ ಜಾಗದಲ್ಲಿ ಚಾಕುವಿಗೆ ಅಂಜುವವರನ್ನು ತಪ್ಪೆನ್ನಲಾಗದು.

ಹುಡುಗ ಫೋನು ಎತ್ತಲಿಲ್ಲ. ರವಿವಾರ ಅವನ ಚಾಕು ತೆಗೆದುಕೊಂಡು ಕಮಲಾಪುರದ ಬಸ್ಸು ಹತ್ತಿದೆ. ತೋಟದಲ್ಲಿ ತಂದೆ ಮಗ ಇಬ್ಬರೂ ಇದ್ದರು. ಆದೇಶ ರದ್ದಾದ ಸಂಗತಿ ಹೇಳಿದೆ. ತಂದೆ ಕೈ ಮುಗಿದ. ಆಮೇಲೆ ಮೆಲ್ಲಗೆ, "ನೀವು ನಮ್ಮೂರವರೇ ಅಲ್ರಿ ಸರ, ಬಾಳಿ ಕರಿ ನಿಮಗ ಗೊತ್ತಾಗಲಿಲ್ಲೇನ್ರಿ?" ಎಂದು ಕೇಳಿದ.

ಇಲ್ಲ ಎಂದಿದ್ದರೆ ಇಬ್ಬರಿಗೂ ಹಗುರಾಗುತ್ತಿತ್ತು. "ಗೊತ್ತಾಗಿತ್ತು" ಎಂದೆ.

ಅವನು ಬಹಳ ಹೊತ್ತು ಕಾಲುವೆಯ ನೀರು ನೋಡುತ್ತ ನಿಂತ. ಹುಡುಗ ದೂರದಲ್ಲಿ ನಿಂತಿದ್ದ, ಹತ್ತಿರ ಬರಲಿಲ್ಲ. ನಾನು ಚಾಕುವನ್ನು ಅವನ ಕೈಗೆ ಚಾಚಲಿಲ್ಲ. ಬದುವಿನ ಮೇಲೆ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದೆ. ಅಪ್ಪ ಹೇಳಿದ ಮಾತು ಅಲ್ಲಿ ನನಗೆ ಅರ್ಥವಾಯಿತು. ಆ ದಿನ ಸಮಿತಿಯಲ್ಲಿ ಹಿಡಿಕೆಯೆಲ್ಲ ನಮ್ಮ ಕಡೆ ಇತ್ತು. ಹುಡುಗ ಬಂದು ಚಾಕು ಎತ್ತಿಕೊಂಡ, ಅಂಗಿಯ ಚುಂಗಿಗೆ ಒರೆಸಿದ, ಕೊಯ್ದಿಟ್ಟ ಗೊನೆಯಿಂದ ಒಂದು ಚಿಪ್ಪು ಹಣ್ಣು ಬಿಡಿಸಿ ನನ್ನ ಚೀಲದಲ್ಲಿ ಇಟ್ಟ. ಮಾತಾಡಲಿಲ್ಲ. ಸೋಮವಾರ ತರಗತಿಗೆ ಬಂದ. ಎಂದಿನ ಎರಡನೆಯ ಬೆಂಚು ಬಿಟ್ಟು ಹಿಂದಿನ ಸಾಲಿನಲ್ಲಿ ಕುಳಿತ. ಮತ್ತೆ ಎರಡನೆಯ ಬೆಂಚಿಗೆ ಬರಲು ಅವನಿಗೆ ಆ ಸೆಮಿಸ್ಟರ್ ಪೂರ್ತಿ ಬೇಕಾಯಿತು.

ಚಾಕು ಈಗಲೂ ನನ್ನ ಕಿಸೆಯಲ್ಲಿದೆ. ಕಾಲೇಜಿನಲ್ಲಿ ಮೇಜಿನ ಮೇಲಿರುತ್ತದೆ. ಪೇರಲದ ಕಾಲ ಮತ್ತೆ ಬಂದಿದೆ. "ಸರ, ಚಾಕು ಅದ ಏನ್ರಿ?" ಎಂದು ಗಣಿತದ ಮಿತ್ರರು ಬಾಗಿಲಿನಿಂದಲೇ ಕೇಳುತ್ತಾರೆ. "ಅದ" ಎನ್ನುತ್ತೇನೆ. ಇಷ್ಟು ಸಣ್ಣ ಮಾತು. ಆ ದಿನ ಹೇಳಬೇಕಾಗಿದ್ದುದೂ ಇಷ್ಟೇ.