ಹಾಲು, ಎಲೆ ಮತ್ತು ಒಂದು ಗ್ರೀಕ್ ಸಿಹಿ

ವಿಜ್ಞಾನದ ಪಾರಿಭಾಷಿಕ ಪದಗಳೆಂದರೆ ಕನ್ನಡ ಮಾಧ್ಯಮದ ಮಕ್ಕಳಿಗೆ ಅಂಜಿಕೆ. ಬೋಧನಾಭ್ಯಾಸದಲ್ಲಿ ಏಳನೇ ತರಗತಿಗೆ ‘ಸಸ್ಯಗಳಲ್ಲಿ ಪೋಷಣೆ’ ಪಾಠ ಮಾಡುವಾಗ ‘ಕ್ಲೋರೋಫಿಲ್’ ಪದವನ್ನು ನಾನು ಒಂದು ಸಿಹಿತಿಂಡಿಯ ಮೂಲಕ ಪರಿಚಯಿಸಿದೆ.

ಗ್ರೀಸ್ ದೇಶದ ಆ ಸಿಹಿಯ ಹೆಸರು ಗಲಕ್ತೊಬೂರೆಕೊ. ಹಾಲು, ಮೊಟ್ಟೆ, ಸಕ್ಕರೆ, ಸಣ್ಣ ರವೆ ಸೇರಿಸಿ ಕಾಯಿಸಿ ಗಟ್ಟಿಮಾಡಿದ ಹೂರಣವನ್ನು, ಬೆಣ್ಣೆ ಸವರಿದ ತೆಳುವಾದ ಹಿಟ್ಟಿನ ಹಾಳೆಗಳ ನಡುವೆ ಇಟ್ಟು ಓವನ್‌ನಲ್ಲಿ ಬೇಯಿಸುತ್ತಾರೆ. ಬಿಸಿ ತಿಂಡಿಯ ಮೇಲೆ ಆರಿದ ಸಕ್ಕರೆ ಪಾಕ ಸುರಿಯುತ್ತಾರೆ. ಎರಡೂ ಬಿಸಿಯಿದ್ದರೆ ಹಾಳೆಗಳು ಗರಿಗರಿಯಾಗಿ ಉಳಿಯುವುದಿಲ್ಲ. ಆ ಹಾಳೆಗೆ ಅಲ್ಲಿ ‘ಫಿಲೊ’ ಎನ್ನುತ್ತಾರೆ, ಅಂದರೆ ಎಲೆ. ‘ಗಾಲ’ ಅಂದರೆ ಹಾಲು.

ಇಷ್ಟು ಹೇಳಿ, ಕಪ್ಪುಹಲಗೆಯ ಮೇಲೆ ‘ಕ್ಲೋರೋಸ್ – ತಿಳಿ ಹಸಿರು’ ಎಂದಷ್ಟೇ ಬರೆದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಹಂಗಾದ್ರೆ ಕ್ಲೋರೋಫಿಲ್ ಅಂದ್ರೆ ಎಲೆ ಹಸಿರು ಅಲ್ವಾ ಮಿಸ್?” ಎಂದಳು. ನಮ್ಮ ‘ಪತ್ರಹರಿತ್ತು’ ಹೇಳುವುದೂ ಅದನ್ನೇ. ‘ಗ್ಯಾಲಕ್ಸಿ’ಯಲ್ಲಿಯೂ ಆ ಹಾಲೇ ಇದೆ, ನಮ್ಮ ‘ಕ್ಷೀರಪಥ’ದಲ್ಲಿ ಇರುವಂತೆ.

ನಾಳೆ ಪಿಯುಸಿಯಲ್ಲಿ ಇಂಗ್ಲಿಷಿನಲ್ಲೇ ವಿಜ್ಞಾನ ಓದಬೇಕಾದ ಈ ಮಕ್ಕಳು ಪದಗಳ ಎದುರು ಕುಗ್ಗಬಾರದು. ಅದಕ್ಕೆಂದೇ ಪ್ರತಿ ಪಾಠಯೋಜನೆಯಲ್ಲೂ ಪದ ಬಿಡಿಸಲು ಐದು ನಿಮಿಷ ಮೀಸಲಿಡುತ್ತಿದ್ದೇನೆ.